ಸಸ್ಯಜನ್ಯವೆಂಬ ವಿಶೇಷಣ

ಕಾವ್ಯದಲ್ಲಿ ವಿಶೇಷಣಗಳು ಅತಿಯಾದರೆ ನಷ್ಟ ಕವಿಯದು. ವಿಜ್ಞಾನದ ಬರಹದಲ್ಲಿ ಅತಿಯಾದರೆ ನಷ್ಟ ವಾಚಕನದು. ಹಲ್ಲಿನ ಚಿಕಿತ್ಸೆಯನ್ನು ಕುರಿತ ಬರಹಗಳಲ್ಲಿ ‘ಸಸ್ಯಜನ್ಯ ಆಮ್ಲ’ ಎಂಬ ಮಾತು ಈಚೆಗೆ ಪ್ರಶಂಸೆಯ ಧಾಟಿಯಲ್ಲಿ ಬರುವುದುಂಟು. ನಾನು ದಂತವೈದ್ಯನಲ್ಲ, ಕನ್ನಡ ಕಲಿಸುವವನು. ಆದರೂ ಒಂದು ಪದ ತನ್ನ ಅರ್ಥಕ್ಕಿಂತ ಹೆಚ್ಚಿನದನ್ನು ಹೇಳತೊಡಗಿದಾಗ ಅದರ ಲೆಕ್ಕ ಕೇಳುವುದು ನನ್ನ ಕಸುಬಿಗೆ ಸೇರಿದ್ದು.

ಈ ಶಾಖೆಯ ಮೂಲಬರಹವನ್ನು ಮೊದಲು ನೋಡೋಣ. ಅಮೆರಿಕದ ರಾಚೆಸ್ಟರಿನ ಮೈಕೆಲ್ ಬ್ಯೂನೊಕೋರ್ 1955ರಲ್ಲಿ ಪ್ರಕಟಿಸಿದ ಪ್ರಬಂಧವದು. ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲ ಹಚ್ಚುವ ವಾಡಿಕೆಯಿತ್ತು. ಆ ಉಪಾಯವನ್ನೇ ಆತ ಹಲ್ಲಿನ ಎನಾಮೆಲಿಗೆ ತಂದು, 85% ಆಮ್ಲವನ್ನು 30 ಸೆಕೆಂಡು ಹಚ್ಚಿ ತೊಳೆದರೆ ಅಕ್ರಿಲಿಕ್ ಬಹುಕಾಲ ಅಂಟಿ ನಿಲ್ಲುತ್ತದೆಂದು ತೋರಿಸಿದ. ಶೀರ್ಷಿಕೆಯಲ್ಲಿ ತನ್ನ ಕ್ರಮಕ್ಕೆ ಆತ ಕೊಟ್ಟ ವಿಶೇಷಣ ‘ಸರಳ’ ಎಂಬುದೊಂದೇ. ಈ ಸಂಯಮವನ್ನು ಗದ್ಯ ಬರೆಯುವವರೆಲ್ಲರೂ ಗಮನಿಸಬೇಕು.

‘ಎಚಿಂಗ್’ ಎಂಬುದನ್ನು ‘ಕೊರೆತ’ವೆಂದರೆ ಓದುವವನ ಕಿವಿಯಲ್ಲಿ ಯಂತ್ರದ ಸದ್ದೇ ಮೊಳಗುತ್ತದೆ! ಗಾರೆಕೆಲಸದವನು ನುಣುಪಾದ ಗೋಡೆಗೆ ಕಚ್ಚು ಹಾಕಿ, ಆಮೇಲೆ ಗಾರೆ ಬಳಿಯುವನಲ್ಲವೆ? ಇದೂ ಅಂಥದೇ. ಆಮ್ಲವು ಹಲ್ಲಿನ ಖನಿಜವನ್ನು ಕರಗಿಸಿ ಕಣ್ಣಿಗೆ ಕಾಣದ ಕಚ್ಚುಗಳನ್ನು ಮಾಡುತ್ತದೆ. ಅಂಟು ಅವುಗಳೊಳಗೆ ಇಳಿದು ಗಟ್ಟಿಯಾಗುತ್ತದೆ. ‘ಕಚ್ಚು’ ಎಂದೊಡನೆ ಇನ್ನೊಂದು ಸಂಗತಿಯೂ ಹೊಳೆಯುತ್ತದೆ: ಹಲ್ಲಿಗೆ ಏನನ್ನೂ ಮಾಡದ ಆಮ್ಲ ಈ ಕೆಲಸಕ್ಕೇ ಬಾರದು.

ಅದೇ ಪ್ರಬಂಧದಲ್ಲಿ ಇನ್ನೊಂದು ಕ್ರಮವನ್ನೂ ಪರೀಕ್ಷಿಸಿದ್ದರು. ಅದರಲ್ಲಿ ಬೇರೆ ಲವಣದೊಡನೆ ಬಳಸಿದ್ದು ಆಕ್ಸಾಲಿಕ್ ಆಮ್ಲ. ನಮ್ಮ ಪಾಲಕ್ ಸೊಪ್ಪಿನಲ್ಲಿರುವಂಥದು. ಗೆದ್ದುದು ಫಾಸ್ಫಾರಿಕ್. ಅಲ್ಲಿ ಯಾರೂ ಆಮ್ಲದ ಕುಲಗೋತ್ರ ವಿಚಾರಿಸಲಿಲ್ಲ, ಎಷ್ಟು ಹೊತ್ತು ಅಂಟಿತೆಂದು ನೋಡಿದರು.

ಕುಲವನ್ನೇ ಕೇಳುವುದಾದರೂ ಉತ್ತರ ಸುಲಭವಲ್ಲ. ಸಿಟ್ರಿಕ್ ಆಮ್ಲವನ್ನು ಷೀಲೆ 1784ರಲ್ಲಿ ನಿಂಬೆರಸದಿಂದ ಬೇರ್ಪಡಿಸಿದ. 1982ರಲ್ಲಿ ಜಪಾನಿನ ನಕಬಯಾಶಿ ಮತ್ತು ಸಂಗಡಿಗರು ಡೆಂಟಿನ್ನಿಗೆ ಅಂಟು ಇಳಿಸಲು ಬಳಸಿದ್ದು ಈ ಆಮ್ಲವನ್ನೇ: 10% ಸಿಟ್ರಿಕ್, ಜೊತೆಗೆ 3% ಫೆರಿಕ್ ಕ್ಲೋರೈಡ್. ಆದರೆ ಇಂದು ಮಾರಾಟವಾಗುವ ಸಿಟ್ರಿಕ್ ಆಮ್ಲದ ಬಹುಭಾಗ ಹುಟ್ಟುವುದು ತೋಟದಲ್ಲಲ್ಲ, ಕಾರ್ಖಾನೆಯಲ್ಲಿ ಸಕ್ಕರೆ ಉಂಡು ಬೆಳೆಯುವ ಒಂದು ಕಪ್ಪು ಬೂಷ್ಟಿನಿಂದ. ಅಣು ಮಾತ್ರ ಒಂದೇ. ಅದರ ತವರು ಯಾವುದೆಂದು ಹಲ್ಲಿಗೆ ತಿಳಿಯದು.

ಹಾಗೆಂದು ಸಸ್ಯಮೂಲದ ಆಮ್ಲಗಳನ್ನು ತಳ್ಳಿಹಾಕುವುದೂ ನ್ಯಾಯವಲ್ಲ. ರಾಗಿ, ಎಳ್ಳು, ಅಕ್ಕಿಯ ತೌಡುಗಳಲ್ಲಿರುವ ಫೈಟಿಕ್ ಆಮ್ಲವನ್ನು ಡೆಂಟಿನ್ನಿನ ಮೇಲೆ ಪರೀಕ್ಷಿಸಿದ ಸಂಶೋಧನೆಯೊಂದು 2013ರಲ್ಲಿ ಪ್ರಕಟವಾಯಿತು. ಅಂಟು ಚೆನ್ನಾಗಿ ಹಿಡಿಯಿತು. ಹಲ್ಲಿನ ತಿರುಳಿನ ಜೀವಕೋಶಗಳಿಗೆ ಫಾಸ್ಫಾರಿಕ್ಕಿನಷ್ಟು ಹಾನಿ ತಟ್ಟಲಿಲ್ಲ. ಇದು ಪ್ರಯೋಗಶಾಲೆಯ ಫಲ. ಆದರೂ ನಿಜವಾದ ಗುಣ. ಅದಕ್ಕೆ ಕಾರಣವನ್ನು ರಾಗಿಯ ಹೊಲದಲ್ಲಿ ಹುಡುಕದೆ ಅಣುವಿನಲ್ಲಿ ಹುಡುಕಬೇಕು. ಅದರ ಆರು ಫಾಸ್ಫೇಟ್ ಗುಂಪುಗಳು ಕ್ಯಾಲ್ಸಿಯಮನ್ನು ಬಿಗಿಯಾಗಿ ಹಿಡಿಯುತ್ತವೆ. ಊಟದಲ್ಲಿ ಇದೇ ಹಿಡಿತ ಕಬ್ಬಿಣ, ಕ್ಯಾಲ್ಸಿಯಮುಗಳು ಮೈಗೆ ಹತ್ತದಂತೆ ತಡೆಯುತ್ತದೆ. ಒಂದೆಡೆ ಗುಣವಾದದ್ದು ಇನ್ನೊಂದೆಡೆ ದೋಷ. ‘ಸಸ್ಯಜನ್ಯ’ ಎಂಬ ಹೊಗಳಿಕೆ ಎರಡನ್ನೂ ಮರೆಸುತ್ತದೆ.

ಇಷ್ಟು ಚರ್ಚೆ ಒಂದು ಪದಕ್ಕಾಗಿಯೆ ಎಂದು ವಾಚಕರು ಕೇಳಬಹುದು. ನಿಂಬೆಹಣ್ಣು ಸಹಜವಾದದ್ದೆಂದು ನಂಬಿ, ಹಲ್ಲು ಬೆಳ್ಳಗಾಗಲೆಂದು ದಿನವೂ ಅದನ್ನು ತಿಕ್ಕುವವರಿದ್ದಾರೆ. ವೈದ್ಯ ಆಮ್ಲವನ್ನು ಕೆಲವು ಸೆಕೆಂಡು ಹಚ್ಚಿ, ತೊಳೆದು, ಕಚ್ಚುಗಳನ್ನು ಅಂಟಿನಿಂದ ಮುಚ್ಚುತ್ತಾನೆ. ಬಚ್ಚಲುಮನೆಯ ನಿಂಬೆಗೆ ಅಳತೆಯಿಲ್ಲ, ಮುಚ್ಚಿಗೆಯೂ ಇಲ್ಲ. ಕರಗಿಹೋದ ಎನಾಮೆಲು ಮತ್ತೆ ಬೆಳೆಯುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯನ್ನು ಇಲ್ಲಿ ಹಸಿರಿಗೂ ಅನ್ವಯಿಸಬೇಕಾಗಿದೆ.

ಆದ್ದರಿಂದ ನಮ್ಮ ವಿಜ್ಞಾನ ಲೇಖಕರಲ್ಲಿ ನನ್ನ ಕೋರಿಕೆ ಇಷ್ಟೆ: ಆಮ್ಲ ಎಲ್ಲಿಂದ ಬಂತೆಂದು ಧಾರಾಳವಾಗಿ ಹೇಳಲಿ, ಜೊತೆಗೆ ಶೇಕಡಾ ಎಷ್ಟು, ಎಷ್ಟು ಹೊತ್ತು, ಯಾವುದರ ಮೇಲೆ, ಯಾವುದಕ್ಕೆ ಹೋಲಿಸಿ ಎಂಬುದನ್ನೂ ಬರೆಯಲಿ. ಈ ನಾಲ್ಕೂ ಇದ್ದರೆ ವಿಶೇಷಣವಿಲ್ಲದೆಯೂ ಬರಹ ನಿಲ್ಲುತ್ತದೆ.