ಯಾವ ನೀರಿಗೆ ಯಾವ ಇಯರ್‌ಬಡ್ಸ್

ನೀರು ತಡೆಯುವ ಇಯರ್‌ಬಡ್ಸ್ ಕೇಳಿಕೊಂಡು ಅಂಗಡಿಗೆ ಹೋಗುವವರು ಮೊದಲು ತಮ್ಮ ನೀರು ಯಾವುದೆಂದು ಗೊತ್ತುಮಾಡಿಕೊಳ್ಳಲಿ. ನ್ಯಾಮತಿಯಲ್ಲಿ ಬಸ್ಸಿಗೆ ಕಾಯುವವರ ಮೇಲೆ ಬೀಳುವ ಮಳೆ ಬೇರೆ, ಚನ್ನಗಿರಿಯ ಅಡಿಕೆ ತೋಟದಲ್ಲಿ ದುಡಿಯುವವರ ಬೆವರು ಬೇರೆ, ಈಜುಕೊಳದ ಕ್ಲೋರಿನ್ ನೀರು ಬೇರೆ.

ಡಬ್ಬದ ಮೇಲೆ ‘ಐಪಿ’ ಎಂದಿರುವ ಕಡೆ ಕಣ್ಣಿಡಿ. ಅದರ ಮುಂದಿನ ಮೊದಲ ಅಂಕಿ ದೂಳಿನದು, ಎರಡನೆಯದು ನೀರಿನದು. 4 ಇದ್ದರೆ ಎರಚಲು ತಡೆಯುತ್ತದೆ, ಮಳೆಗೂ ಬೆವರಿಗೂ ಸಾಕು. 5 ಇದ್ದರೆ ಚಿಮ್ಮುವ ನೀರಿಗೂ ಜಗ್ಗದು. 7 ಎಂದರೆ 1 ಮೀಟರ್ ಆಳದ ನಿಂತ ಸಿಹಿನೀರಿನಲ್ಲಿ 30 ನಿಮಿಷ. ಆದರೆ 7 ಪಾಸಾದದ್ದು 5ನ್ನೂ ಪಾಸಾಗಿದೆ ಎಂದೇನಿಲ್ಲ. ಎರಡೂ ಬೇರೆ ಪರೀಕ್ಷೆಗಳು. ಜಗಳೂರಿನವರು ಮೊದಲ ಅಂಕಿಯನ್ನೇ ನೋಡಬೇಕು. ಅಲ್ಲಿ ಎಕ್ಸ್ ಇದ್ದರೆ ದೂಳಿನ ಬಗ್ಗೆ ಕಂಪನಿ ಏನನ್ನೂ ಹೇಳಿಲ್ಲ ಎಂದರ್ಥ. ಬಯಲುಸೀಮೆಯ ದೂಳು ಸ್ಪೀಕರಿನ ಜಾಲರಿಗೆ ಕೂತರೆ ದನಿ ಮಂಕಾಗುತ್ತದೆ. ಅವರಿಗೆ ಐಪಿ55 ನನ್ನ ಆಯ್ಕೆ.

ಈಜಿನ ಮಾತೇ ಬೇರೆ. ಬ್ಲೂಟೂತ್ ಅಲೆ 2.4 ಗಿಗಾಹರ್ಟ್ಸ್‌ನದು, ನೀರು ಅದನ್ನು ಹೀರಿಬಿಡುತ್ತದೆ. ಫೋನು ದಂಡೆಯ ಮೇಲಿದ್ದು ನೀವು ತಲೆ ಮುಳುಗಿಸಿದರೆ ಹಾಡು ತುಂಡಾಗುತ್ತದೆ. ಎಷ್ಟು ದುಡ್ಡು ಕೊಟ್ಟರೂ ಇದಕ್ಕೆ ಪರಿಹಾರವಿಲ್ಲ. ಹಾಗಾಗಿ ಈಜುವವರಿಗೆ ತನ್ನೊಳಗೇ ಹಾಡು ತುಂಬಿಕೊಳ್ಳುವ ಸಾಧನವೇ ಬೇಕು. ಸೋನಿಯ ಎನ್‌ಡಬ್ಲ್ಯು-ಡಬ್ಲ್ಯುಎಸ್413 ಅಂಥದ್ದು: 4 ಜಿಬಿ ಜಾಗ, ಉಪ್ಪುನೀರಿಗೂ ತಾಳುತ್ತದೆ. ನನಗೆ ಹೆಚ್ಚು ಹಿಡಿಸಿರುವುದು ಶಾಕ್ಸ್ ಓಪನ್‌ಸ್ವಿಮ್. ಇದು ಕಿವಿಯೊಳಗೆ ಕೂರುವುದಿಲ್ಲ, ಕೆನ್ನೆಮೂಳೆಯ ಕಂಪನದಿಂದ ಕೇಳಿಸುತ್ತದೆ. ಕಿವಿಗೆ ಈಜಿನ ಬಿರಡೆ ಇಟ್ಟು ಮುಳುಗಿದರೆ ತಬಲಾದ ಬಾಯಾ ದನಿಯೂ ತುಂಬಿಕೊಂಡು ಬರುತ್ತದೆ; ಗಟ್ಟಿನೆಲದ ಮೇಲೆ ಅದೇ ಸಾಧನ ತೆಳುವಾಗಿ ಕೇಳಿಸುತ್ತದೆ. ಒಂದು ಎಚ್ಚರ: ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿಟ್ಟ ಹಾಡುಗಳು ಇದಕ್ಕೆ ಬರುವುದಿಲ್ಲ. ಎಂಪಿ3ಯಂಥ ಬಿಡಿ ಫೈಲುಗಳೇ ಬೇಕು.

ಇದೆಲ್ಲ ಈಜುಕೊಳಕ್ಕೆ ಮಾತ್ರ. ಹೊನ್ನಾಳಿಯ ತುಂಗಭದ್ರೆಗಾಗಲಿ ಸೂಳೆಕೆರೆಗಾಗಲಿ ಹಾಡು ಕೇಳುತ್ತಾ ಇಳಿಯಬೇಡಿ. ಗಾಜನೂರಿನ ಅಣೆಕಟ್ಟೆಯಲ್ಲಿ ಗೇಟು ಎತ್ತಿದರೆ ಕೆಳಗೆ ಹೊಳೆ ಏರುತ್ತದೆ; ದಡದಿಂದ ಕೂಗಿದವರ ದನಿ ನಿಮಗೆ ಕೇಳಲೇಬೇಕು. ಮಳೆಯಲ್ಲಿ ಬೈಕ್ ಓಡಿಸುವಾಗಲೂ ಕಿವಿ ಖಾಲಿಯಿರಲಿ.

ತೋಟದವರಿಗೆ ಇನ್ನೊಂದು ಮಾತು. ಬೋರ್ಡೋ ದ್ರಾವಣ ಹೊಡೆಯುವಾಗ ಇಯರ್‌ಬಡ್ಸ್ ತೆಗೆದಿಡಿ. ಐಪಿ ಪರೀಕ್ಷೆ ನಡೆಯುವುದು ಬರೀ ನೀರಿನಲ್ಲಿ. ದ್ರಾವಣದಲ್ಲಿರುವ ಮೈಲುತುತ್ತ ಚಾರ್ಜಿಂಗ್ ಪಿನ್ನುಗಳನ್ನು ತಿನ್ನುತ್ತದೆ. ಬೆವರಿನ ಉಪ್ಪಿನ ಕೆಲಸವೂ ಅದೇ. ನೀರಿಗಿಳಿಸಬಹುದಾದ ಮಾದರಿಯಾದರೆ ಬಳಸಿದ ಮೇಲೆ ಸಿಹಿನೀರಿನಲ್ಲಿ ಅದ್ದಿ ತೆಗೆಯಿರಿ, ಬರೀ ಎರಚಲು ತಡೆಯುವಂಥದ್ದಾದರೆ ಒದ್ದೆಬಟ್ಟೆಯಲ್ಲಿ ಒರೆಸಿ. ಪೂರ್ತಿ ಒಣಗದೆ ಚಾರ್ಜಿಂಗ್ ಡಬ್ಬಿಗೆ ಹಾಕಬೇಡಿ. ಎಷ್ಟೋ ಮಾದರಿಗಳಲ್ಲಿ ಇಯರ್‌ಬಡ್‌ಗೆ ಇರುವ ರಕ್ಷಣೆ ಡಬ್ಬಿಗಿಲ್ಲ. ನೀರು ಹೊಕ್ಕು ಕೆಟ್ಟರೆ ವಾರಂಟಿ ಸಿಗುತ್ತದೆಯೇ ಎಂಬುದನ್ನು ದುಡ್ಡು ಕೊಡುವ ಮೊದಲೇ ಕೇಳಿ.