ಅರಬ್ಬಿಗೆ ಹೋದ ಪ್ರಶ್ನಾವಳಿ ಏನನ್ನು ಅಳೆಯುತ್ತದೆ?

ಡೌನ್ ಸಿಂಡ್ರೋಮ್ ಇರುವವರಲ್ಲಿ ಸಾಮಾನ್ಯವಾಗಿ 21ನೇ ಕ್ರೋಮೊಸೋಮಿನ ಮೂರು ಪ್ರತಿಗಳಿರುತ್ತವೆ. ಆಲ್ಜೈಮರ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಶೇಖರವಾಗುವ ಅಮೈಲಾಯ್ಡ್‌ನ ಮೂಲ ಪ್ರೋಟೀನಿನ ಜೀನ್ ಇರುವುದೂ ಅದೇ ಕ್ರೋಮೊಸೋಮಿನಲ್ಲಿ. ಹೀಗಾಗಿ ಇವರಲ್ಲಿ ಅನೇಕರಿಗೆ ಐವತ್ತರ ಆಸುಪಾಸಿನಲ್ಲೇ ಡಿಮೆನ್ಷಿಯಾ ಕಾಣಿಸಿಕೊಳ್ಳುತ್ತದೆ. ಅದನ್ನು ಪತ್ತೆಹಚ್ಚಲು 1975ರ ಫೋಲ್‌ಸ್ಟೀನ್ ಪರೀಕ್ಷೆ ಒದಗುವುದಿಲ್ಲ. ನೂರರಿಂದ ಏಳೇಳು ಕಳೆಯುವುದು ಇವರಲ್ಲಿ ಹಲವರಿಗೆ ಎಂದೂ ಬಂದಿರಲಿಲ್ಲ.

ಅಮೆರಿಕದ ‘ಎನ್‌ಟಿಜಿ–ಇಡಿಎಸ್‌ಡಿ’ ಪ್ರಶ್ನಾವಳಿ ಆದ್ದರಿಂದ ಆರೈಕೆ ಮಾಡುವವರನ್ನು ಕೇಳುತ್ತದೆ: ಈ ತೊಂದರೆ ಮೊದಲಿನಿಂದಲೂ ಇತ್ತೆ, ಇದ್ದದ್ದು ಹೆಚ್ಚಾಯಿತೆ, ಕಳೆದ ಒಂದು ವರ್ಷದಲ್ಲಿ ಹೊಸದಾಗಿ ಬಂತೆ? ಮಟ್ಟವನ್ನು ಬಿಟ್ಟು ಬದಲಾವಣೆಯನ್ನು ಅಳೆಯುವ ಈ ಉಪಾಯ ಭೌತವಿಜ್ಞಾನದ ಅಧ್ಯಾಪಕನಾದ ನನಗೆ ಮೆಚ್ಚುಗೆಯಾಗಿದೆ.

ಇಂತಹ ಪ್ರಶ್ನಾವಳಿಯನ್ನು ಅರಬ್ಬಿಗೆ ತರುವಾಗ ಅನುವಾದಿಸಿ, ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಎರಡನ್ನೂ ಹೋಲಿಸುವುದು ರೂಢಿ. ನನ್ನ ಆಕ್ಷೇಪ ಇಲ್ಲಿಯೇ. ಬರಹದ ಅರಬ್ಬಿ ಯಾರ ಮನೆಮಾತೂ ಅಲ್ಲ. ಫರ್ಗ್ಯೂಸನ್ ಈ ಇಬ್ಬಗೆಯನ್ನು 1959ರಲ್ಲೇ ವಿವರಿಸಿದ್ದಾರೆ. ಕೈರೋದ ಆಡುಮಾತು ಬೇರೆ, ಕಾಸಾಬ್ಲಾಂಕಾದ್ದು ಬೇರೆ. ಓದು ಬಾರದ ತಾಯಿಗೆ ಸಂದರ್ಶಕರು ಪ್ರಶ್ನೆಯನ್ನು ಬಾಯಲ್ಲೇ ಆಡುಮಾತಿಗೆ ತಂದರೆ ಪ್ರತಿ ಸಲವೂ ಪ್ರಶ್ನೆ ಬದಲಾಗುತ್ತದೆ. ಇನ್ನು ಡಿಮೆನ್ಷಿಯಾಕ್ಕಿರುವ ‘ಖರಫ್’ ಎಂಬ ಮಾತಿನಲ್ಲಿ ನಮ್ಮ ‘ಅರಳುಮರಳು’ ಎಂಬುದರಲ್ಲಿರುವಂತಹುದೇ ಹೀಯಾಳಿಕೆ ಇದೆ!

ಇದಕ್ಕಿಂತ ಗಂಭೀರವಾದದ್ದು ಸೊನ್ನೆಯ ಪ್ರಶ್ನೆ. ಮಗನಿಗೆ ನಲವತ್ತು ವರ್ಷ ತಾಯಿಯೇ ಬಟ್ಟೆ ತೊಡಿಸಿದ್ದರೆ, ಅವನ ಕೌಶಲ ನಶಿಸಿದ್ದು ಹೇಗೆ ತಿಳಿಯಬೇಕು? ‘ಮೊದಲಿನಿಂದಲೂ ಹೀಗೆಯೇ’ ಎಂದು ಆಕೆ ಪ್ರಾಮಾಣಿಕವಾಗಿ ಹೇಳುತ್ತಾಳೆ. ಅನುವಾದ ನಿರ್ದುಷ್ಟವಾಗಿದ್ದರೂ ರೋಗ ತಪ್ಪಿಸಿಕೊಳ್ಳುತ್ತದೆ.

ಈ ಪ್ರಶ್ನಾವಳಿಗೆ ಆಧಾರವಾದ, ಬ್ರಿಟನ್ನಿನಲ್ಲಿ 2007ರಲ್ಲಿ ಪ್ರಕಟವಾದ 53 ಪ್ರಶ್ನೆಗಳ ಪಟ್ಟಿಯಲ್ಲಿ 20 ಅಂಕವನ್ನು ಗಡಿಯಾಗಿಟ್ಟಾಗ ರೋಗವಿದ್ದವರಲ್ಲಿ ಶೇ. 92 ಮಂದಿ ಪತ್ತೆಯಾದರು; ಇಲ್ಲದವರಲ್ಲಿ ಶೇ. 97 ಮಂದಿಯನ್ನು ಅದು ಸರಿಯಾಗಿ ಬಿಟ್ಟಿತು. ನೂರರಲ್ಲಿ ಹತ್ತು ಜನರಿಗೆ ರೋಗವಿದೆಯೆನ್ನೋಣ. ಒಂಬತ್ತು ಮಂದಿ ಸಿಗುತ್ತಾರೆ, ಸುಮಾರು ಮೂವರ ಮೇಲೆ ಸುಳ್ಳು ಶಂಕೆ. ಹೊಸ ಭಾಷೆಯಲ್ಲಿ ಶೇ. 97 ಎಂಬುದು 80ಕ್ಕೆ ಇಳಿದರೆ ಸುಳ್ಳು ಶಂಕೆ ಹದಿನೆಂಟಕ್ಕೇರುತ್ತದೆ. ಹಾಗೆ ಶಂಕಿತರಾದವರಲ್ಲಿ ಕೆಲವರಿಗೆ ಇರುವುದು ಥೈರಾಯ್ಡ್ ಕೊರತೆಯೋ ಖಿನ್ನತೆಯೋ ಆಗಿರಬಹುದು, ಎರಡಕ್ಕೂ ಚಿಕಿತ್ಸೆಯಿದೆ.

ಆದ್ದರಿಂದ ಅರಬ್ಬಿ ಆವೃತ್ತಿಯನ್ನು, ಪ್ರಶ್ನಾವಳಿಯ ಅಂಕ ನೋಡದ ವೈದ್ಯರ ರೋಗನಿರ್ಣಯದೊಡನೆ ಹೋಲಿಸಿ, ಗಡಿ ಅಂಕವನ್ನು ಹೊಸದಾಗಿ ಗೊತ್ತುಪಡಿಸಬೇಕು. ಜೊತೆಗೆ ಆರೋಗ್ಯವಾಗಿರುವಾಗಲೇ, ಮೂವತ್ತೈದರ ಸುಮಾರಿಗೆ, ವ್ಯಕ್ತಿ ತಾನಾಗಿ ಬಟ್ಟೆ ತೊಡುವುದು, ಚಹಾ ಮಾಡುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಟ್ಟರೆ ಮುಂದಿನ ವರ್ಷಗಳಲ್ಲಿ ಹೋಲಿಸಲು ಸೊನ್ನೆಯೊಂದು ದೊರೆಯುತ್ತದೆ.