ಅಡಿಕೆ ದರದ ಪುಟಕ್ಕೆ ಎಷ್ಟು ತೂಕ ಬೇಕು?

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರರು ಅಂತರ್ಜಾಲದಲ್ಲಿ ಮತ್ತೆ ಮತ್ತೆ ಹುಡುಕುವ ಸಂಗತಿಯೊಂದಿದೆ: ಇವತ್ತು ರಾಶಿ ಎಷ್ಟಾಯಿತು? ಬೆಟ್ಟೆ, ಸರಕು, ಗೊರಬಲು, ಸಿಪ್ಪೆಗೋಟು, ಚಾಲಿ? ಒಂದೊಂದಕ್ಕೂ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ಅಂಕಿ. ಇಷ್ಟನ್ನು ತೋರಿಸಲು ಈಗಿನ ಜಾಲತಾಣಗಳು ಹೊತ್ತು ತರುವ ಸರಂಜಾಮು ವಿಪರೀತ. ತೆರೆಯ ಹಿಂದೆ ವರ್ಡ್‌ಪ್ರೆಸ್, ಅದನ್ನು ನಡೆಸಲು ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಡೇಟಾಬೇಸು; ತೆರೆಯ ಮೇಲೆ ಓಡುವ ಚಿತ್ರಗಳಿಗೆ ಜಾವಾಸ್ಕ್ರಿಪ್ಟಿನ ಗಂಟು, ಬೇರೆ ಸರ್ವರಿನಿಂದ ಬರುವ ಫಾಂಟು, ನೋಡಿದವರ ಲೆಕ್ಕ ಇಡುವ ಇನ್ನೊಂದು ಕಂಪನಿಯ ಕೋಡು, ಜಾಹೀರಾತಿಗೆ ಮತ್ತೊಂದು. ಜಾಲಪುಟಗಳನ್ನು ಅಳೆದು ದಾಖಲಿಸುವ ಎಚ್‌ಟಿಟಿಪಿ ಆರ್ಕೈವ್ ಪ್ರಕಾರ ಮೊಬೈಲ್ ಪುಟಗಳ ಮಧ್ಯಕ ತೂಕವೇ ಎರಡು ಎಂಬಿ ದಾಟಿದೆ. ಈ ಸಲಕರಣೆಗಳು ತಮ್ಮ ಜಾಗದಲ್ಲಿ ಒಳ್ಳೆಯವೇ. ಮಲೆನಾಡಿನ ದರದ ಪುಟದಲ್ಲಿ ಮಾತ್ರ ಇವುಗಳಲ್ಲಿ ಬಹುಪಾಲಿಗೆ ಕೆಲಸವಿಲ್ಲ ಎಂಬುದು ನನ್ನ ವಾದ.

ಸಿಪ್ಪೆಗೋಟು ಎಂಬ ಪದವನ್ನೇ ನೋಡಿ. ಪರದೆಯ ಮೇಲೆ ನಾಲ್ಕು ಅಕ್ಷರ. ಯೂನಿಕೋಡಿನಲ್ಲಿ ಸ್ವರಚಿಹ್ನೆ, ಒತ್ತು ಎಲ್ಲ ಬಿಡಿಸಿದರೆ ಹತ್ತು ಸಂಕೇತ. ಒಂದೊಂದಕ್ಕೆ ಮೂರರಂತೆ ಯುಟಿಎಫ್-8ರಲ್ಲಿ 30 ಬೈಟು. ಇಂಗ್ಲಿಷಿಗಿಂತ ಕನ್ನಡ ದುಬಾರಿ ಎಂಬ ದೂರು ಇದರಿಂದಲೇ ಹುಟ್ಟಿದ್ದು. ಆದರೂ ಆರು ಬಗೆಯ ಅಡಿಕೆಯ ಪೂರ್ತಿ ಪಟ್ಟಿ ಕೆಲವೇ ಕೆಬಿಯಲ್ಲಿ ಮುಗಿಯುತ್ತದೆ, ಕುಗ್ಗಿಸಿ ಕಳಿಸಿದರೆ ಇನ್ನೂ ಕಡಿಮೆ. ಅಂದಕ್ಕೆಂದು ಸೇರಿಸುವ ಒಂದು ಕನ್ನಡ ಫಾಂಟಿನ ಕಡತ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಇಂದಿನ ಫೋನುಗಳಲ್ಲಿ ಕನ್ನಡ ಫಾಂಟು ಮೊದಲೇ ಇರುವಾಗ ಅದನ್ನು ಮತ್ತೆ ಹೊರಿಸುವುದೇಕೆ? ಮಳೆಗಾಲದಲ್ಲಿ ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಇಳಿದು, ಶರಾವತಿ ಹಿನ್ನೀರಿನಾಚೆ ಸಿಗ್ನಲ್ ಒಂದು ಕಡ್ಡಿಗೆ ಬಂದಾಗ ಕೆಲವು ಕೆಬಿಯ ಪುಟ ಹೇಗೋ ಬಂದು ಮುಟ್ಟುತ್ತದೆ. ಎರಡು ಎಂಬಿಯದು ಸುತ್ತುತ್ತಲೇ ಇರುತ್ತದೆ.

ದರ ದಿನಾ ಬದಲಾಗುತ್ತದಲ್ಲ, ಡೇಟಾಬೇಸಿಲ್ಲದೆ ನಡೆದೀತೆ ಎಂದು ಕೇಳಬಹುದು. ವ್ಯಾಪಾರವೇ ನಡೆಯುವ ಕಡೆ ಅದು ಬೇಕೇ ಬೇಕು. 2014ರಲ್ಲಿ ಹುಟ್ಟಿದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ನಡೆಸುವ ಏಕೀಕೃತ ಮಾರುಕಟ್ಟೆ ವೇದಿಕೆಯಲ್ಲಿ ಹಲವು ವರ್ತಕರು ಒಂದೇ ಲಾಟಿಗೆ ಟೆಂಡರ್ ಹಾಕುತ್ತಾರೆ. ಅಲ್ಲಿ ಭದ್ರತೆ, ಲೆಕ್ಕ, ವೇಗ ಯಾವುದರಲ್ಲೂ ಜಿಪುಣತನ ಸಲ್ಲದು. ಟೆಂಡರ್ ಮುಗಿದ ಮೇಲೆ ಆ ದಿನದ ದರ ಮತ್ತೆ ಕದಲುವುದಿಲ್ಲ. ಅದನ್ನು ಒಂದು ಸಲ ಸಾದಾ ಎಚ್‌ಟಿಎಂಎಲ್ ಪುಟವಾಗಿ ಬರೆದಿಟ್ಟರೆ ಸಾಕು, ನೋಡುವವರು ಬಂದಾಗಲೆಲ್ಲ ಡೇಟಾಬೇಸನ್ನು ಎಬ್ಬಿಸಬೇಕಿಲ್ಲ. ದಾಳಿ ಮಾಡುವವರಿಗೂ ಅಲ್ಲಿ ತೆರೆದ ಬಾಗಿಲು ಕಡಿಮೆ.

ಇನ್ನು ನೆಟ್‌ವರ್ಕ್ ಸುಧಾರಿಸುತ್ತದೆ ಎಂಬ ಸಮಾಧಾನ. ಸುಧಾರಿಸಲಿ, ಪುಟಗಳೂ ಅದರ ಜೊತೆಗೇ ದಪ್ಪವಾಗುತ್ತಿರುವುದರಿಂದ ಕೊನೆಯ ಹಳ್ಳಿ ಸದಾ ಹಿಂದೆಯೇ ಉಳಿಯುತ್ತದೆ. ದರಪಟ್ಟಿಯ ಚಿತ್ರ ವಾಟ್ಸಾಪಿನಲ್ಲಿ ಹೇಗೂ ಬರುತ್ತದಲ್ಲ ಎಂಬ ಮಾತಿಗೆ ಹೆಚ್ಚು ತೂಕವಿದೆ. ಅದು ಬೇಗ ಮುಟ್ಟುತ್ತದೆ, ನಿಜ. ಆದರೆ ಚಿತ್ರದೊಳಗಿನ ಅಂಕಿಯನ್ನು ಹುಡುಕಲಾಗದು, ಕಣ್ಣು ಕಾಣದವರ ಫೋನು ಅದನ್ನು ನೆಟ್ಟಗೆ ಓದಿ ಹೇಳದು. ಅಡಿಕೆ ಈಗ ಕೊಡುವುದೋ ಇಟ್ಟುಕೊಳ್ಳುವುದೋ ಎಂದು ಯೋಚಿಸುವವರಿಗೆ ಹೋದ ವರ್ಷ ಇದೇ ಹೊತ್ತಿನ ದರ ಬೇಕು. ಕೃಷಿ ಮಾರಾಟ ಇಲಾಖೆಯ ‘ಕೃಷಿ ಮಾರಾಟ ವಾಹಿನಿ’ಯಲ್ಲಿ ಉತ್ಪನ್ನವನ್ನೂ ದಿನಾಂಕವನ್ನೂ ಆರಿಸಿ ಹಳೆಯ ದರ ತೆಗೆಯಬಹುದು. ನೋಟಕ್ಕೆ ಹಳತೆನಿಸುವ ಆ ತಾಣವನ್ನು ಹೊಳೆಯುವ ಎಷ್ಟೋ ತಾಣಗಳಿಗಿಂತ ಮೇಲೆ ಇಡುತ್ತೇನೆ. ದಿನಕ್ಕೊಂದು ಪುಟ, ಪುಟಕ್ಕೊಂದು ಬದಲಾಗದ ವಿಳಾಸ ಕೊಟ್ಟರೆ ಸಾಗರದ ದರವನ್ನೂ ತೀರ್ಥಹಳ್ಳಿಯ ದರವನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಯಾರಿಗಾದರೂ ಸಾಧ್ಯವಾಗುತ್ತದೆ.